ದ್ವೀಪದಲ್ಲಿ ಹುಟ್ಟಿದ ಪೂರ್ವಿಕರ ಜಾಡು ಹಿಡಿಯುವುದು ಹೇಗೆ: ದಾವಣಗೆರೆ–ಚಿತ್ರದುರ್ಗದ ಮನೆತನಗಳಿಗೆ ಸಮಗ್ರ ಮಾರ್ಗದರ್ಶಿ

ಕಡಲು ಕಾಣದ ಈ ಬಯಲುಸೀಮೆಯಲ್ಲಿಯೂ ಕೆಲವು ಮನೆಗಳಲ್ಲಿ ‘ನಮ್ಮ ಮುತ್ತಜ್ಜ ಹುಟ್ಟಿದ್ದು ಇಲ್ಲಲ್ಲ, ಸಮುದ್ರದ ಆಚೆಯ ಯಾವುದೋ ದ್ವೀಪದಲ್ಲಿ’ ಎಂಬ ಮಾತು ತಲೆಮಾರುಗಳಿಂದ ಉಳಿದುಬಂದಿದೆ. ಮಾತು ಉಳಿದಿರುತ್ತದೆ, ಆದರೆ ದ್ವೀಪದ ಹೆಸರು, ಹೋದ ವರ್ಷ, ಮರಳಿ ಬಂದ ಕಾರಣ ಯಾವುದೂ ಉಳಿದಿರುವುದಿಲ್ಲ. ಇಂಥ ಪೂರ್ವಿಕರನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಅಂತರಜಾಲದಲ್ಲಿ ಮುತ್ತಜ್ಜನ ಹೆಸರನ್ನು ಹುಡುಕಿ, ಏನೂ ಸಿಗದೆ ಕೈಬಿಡುತ್ತಾರೆ. ದ್ವೀಪದಲ್ಲಿ ಹುಟ್ಟಿದ ಮಗುವಿನ ಹೆಸರು ಹೊರಟ ಹಡಗಿನ ಪಟ್ಟಿಯಲ್ಲಿರುವುದಿಲ್ಲ, ವಲಸೆಗಾರರ ಪಟ್ಟಿಯಲ್ಲಿರುವುದಿಲ್ಲ, ಹುಟ್ಟಿದ ವರ್ಷದಲ್ಲಿ ಇಲ್ಲಿನ ಯಾವ ಲೆಕ್ಕದಲ್ಲಿಯೂ ಇರುವುದಿಲ್ಲ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಆ ಮಗುವನ್ನು ಹೆತ್ತವರನ್ನು. ಅವರು ಯಾವ ಊರಿನಿಂದ, ಯಾವ ಕೆಲಸದ ಮೇಲೆ, ಯಾವ ಕಾಲದಲ್ಲಿ ಹೊರಟರು ಎಂಬುದು ಇಲ್ಲಿಯೇ ಖಚಿತವಾದ ಮೇಲೆ ದ್ವೀಪದ ಕಡತಗಳಿಗೆ ಕೈಹಾಕಬೇಕು.

ಮನೆಯ ಮಾತನ್ನು ಮೊದಲು ಬರೆದಿಟ್ಟುಕೊಳ್ಳಿ

ಮನೆಯಲ್ಲಿ ಉಳಿದಿರುವ ಹಿರಿಯರನ್ನು ಒಬ್ಬೊಬ್ಬರನ್ನಾಗಿ, ಬೇರೆ ಬೇರೆ ಹೊತ್ತಿನಲ್ಲಿ ಕೇಳಬೇಕು. ದೊಡ್ಡಪ್ಪ ಒಂದು ಮಾತು ಹೇಳಿದ ಮೇಲೆ ಅದೇ ಜಗಲಿಯಲ್ಲಿ ಕುಳಿತ ಸೋದರತ್ತೆ ಬೇರೆ ಮಾತು ಹೇಳುವುದಿಲ್ಲ. ‘ಮಾರಿಷಸ್ ಅಂತಿದ್ದರಾ?’ ಎಂದು ನೀವೇ ಹೆಸರು ಸೂಚಿಸಿದರೆ ಹೌದು ಎಂಬ ಉತ್ತರ ಬರುವುದು ಖಂಡಿತ, ಅದರಿಂದ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಮುತ್ತಜ್ಜನ ತಂದೆ ಅಲ್ಲಿ ಏನು ಕೆಲಸ ಮಾಡುತ್ತಿದ್ದರು, ಮರಳಿ ಬಂದಾಗ ಮುತ್ತಜ್ಜನ ವಯಸ್ಸು ಎಷ್ಟು, ಜೊತೆಯಲ್ಲಿ ಯಾರು ಬಂದರು, ಯಾರು ಅಲ್ಲಿಯೇ ಉಳಿದರು, ಬಂದದ್ದು ದೊಡ್ಡ ಬರಕ್ಕೆ ಮೊದಲೋ ಆಮೇಲೋ. ಹಿರಿಯರು ಬಳಸಿದ ಪದವನ್ನು ತಿದ್ದದೆ ಹಾಗೆಯೇ ಬರೆಯಿರಿ. ‘ಕಬ್ಬಿನ ತೋಟ’, ‘ಪಲ್ಟನ್ನು’ (ಸೈನ್ಯದ ದಳ), ‘ಕಾಳಾಪಾನಿ’, ‘ಕಂಗಾಣಿ’ (ತೋಟಗಳಿಗೆ ಕೂಲಿಗಳನ್ನು ಕೂಡಿಸಿ ಒಯ್ಯುವ ಮೇಸ್ತ್ರಿ) ಎಂಬ ನಾಲ್ಕು ಪದಗಳು ನಾಲ್ಕು ಬೇರೆ ದ್ವೀಪಗಳ ಕಡೆಗೆ ಕೈತೋರಿಸುತ್ತವೆ.

ಕೆಲವು ಮನೆಗಳಲ್ಲಿ ಹಿರಿಯರು ಬಾಯಿ ಬಿಡುವುದಿಲ್ಲ. ಕಡಲು ದಾಟಿದವರು ಜಾತಿ ಕಳೆದುಕೊಳ್ಳುತ್ತಾರೆಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಮರಳಿ ಬಂದವರು ಪ್ರಾಯಶ್ಚಿತ್ತ ಮಾಡಿಸಿಕೊಂಡು, ಹೋಗಿದ್ದ ಸಂಗತಿಯನ್ನೇ ಮುಚ್ಚಿಟ್ಟದ್ದುಂಟು. ಅಲ್ಲಿ ಬೇರೆ ಜಾತಿಯವರೊಡನೆ ಮದುವೆಯಾಗಿದ್ದರೆ ಮೌನ ಇನ್ನೂ ಗಾಢವಾಗಿರುತ್ತದೆ. ಒತ್ತಾಯಿಸದೆ, ಆ ಹಿರಿಯರಿಂದ ಕೇವಲ ಊರುಗಳ ಮತ್ತು ಬೀಗರ ಹೆಸರುಗಳನ್ನು ಪಡೆದರೂ ಸಾಕು.

ಕಾಲವನ್ನು ಇಸವಿಗೆ ತರುವುದು

ಹಳೆಯ ಜಾತಕ, ಲಗ್ನಪತ್ರಿಕೆ, ಕರಾರುಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಿರುತ್ತದೆ. ಅರವತ್ತು ಸಂವತ್ಸರಗಳ ಚಕ್ರದ ಮೊದಲನೆಯದಾದ ಪ್ರಭವವು 1807, 1867, 1927 ಮತ್ತು 1987ರ ಯುಗಾದಿಗೆ ಆರಂಭವಾಯಿತು. ನಿಮ್ಮ ಕಾಗದದಲ್ಲಿರುವ ಸಂವತ್ಸರ ಎಷ್ಟನೆಯದೆಂದು ಪಂಚಾಂಗದಲ್ಲಿ ನೋಡಿ, ಅದರಿಂದ ಒಂದನ್ನು ಕಳೆದು ಈ ಇಸವಿಗಳಿಗೆ ಕೂಡಿಸಿದರೆ ವರ್ಷ ಸಿಗುತ್ತದೆ. ರಕ್ತಾಕ್ಷಿ 58ನೆಯದು; ಆದ್ದರಿಂದ ಅದು 1864–65 ಅಥವಾ 1924–25. ಎರಡರಲ್ಲಿ ಯಾವುದೆಂದು ಮಕ್ಕಳ ವಯಸ್ಸಿನಿಂದ ತೀರ್ಮಾನಿಸಬೇಕು. ಪುಷ್ಯ, ಮಾಘ, ಫಾಲ್ಗುಣ ಮಾಸಗಳ ಘಟನೆಗಳು ಹೆಚ್ಚಾಗಿ ಮುಂದಿನ ಇಂಗ್ಲಿಷ್ ವರ್ಷಕ್ಕೆ ಬೀಳುತ್ತವೆ ಎಂಬುದನ್ನು ಮರೆಯಬಾರದು.

ಹಿರಿಯರು ‘ದೊಡ್ಡ ಬರ’ ಎಂದರೆ ಬಹುಪಾಲು ಅದು ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನದು. ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ನುಂಗಿದ ಆ ಬರದಲ್ಲಿ ಚಿತ್ರದುರ್ಗ, ಬಳ್ಳಾರಿ ಸೀಮೆಯಿಂದ ಗುಳೆ ಹೋದವರು ಲೆಕ್ಕವಿಲ್ಲ. ಹರಪನಹಳ್ಳಿ ಕಡೆಯ ಕಾಗದಗಳಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಇದ್ದರೆ 590 ಕೂಡಿಸಿ: ಫಸಲಿ 1286 ಎಂದರೆ 1876–77. ಹರಪನಹಳ್ಳಿ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಫಸಲಿ ವರ್ಷ ಜುಲೈ 1ಕ್ಕೆ ಆರಂಭವಾಗುತ್ತಿತ್ತು.

ಈ ಲೆಕ್ಕವಾದ ಮೇಲೆ ಇನ್ನೊಂದು ಪರೀಕ್ಷೆ ಇದೆ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವುದರಿಂದ, ಕಾಗದಗಳಲ್ಲಿ ಕಾಣುವ ಒಂದೇ ಹೆಸರಿನ ಇಬ್ಬರು ಕಾಲಾಂತರದಲ್ಲಿ ಒಬ್ಬರಾಗಿಬಿಡುತ್ತಾರೆ. ‘ದ್ವೀಪದಲ್ಲಿ ಹುಟ್ಟಿ, 1863ರಲ್ಲಿ ಜಮೀನು ಕೊಂಡು, 1931ರಲ್ಲಿ ತೀರಿಕೊಂಡ’ ಅಜ್ಜ ಎದುರಾದರೆ ಅವರು ಒಬ್ಬರಲ್ಲ, ಇಬ್ಬರು ಎಂದೇ ಹಿಡಿದು ಮುಂದುವರಿಯಿರಿ.

ಯಾವ ದ್ವೀಪ? ತಂದೆಯ ಕೆಲಸವೇ ಉತ್ತರ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಕುಟುಂಬವೊಂದು ದ್ವೀಪ ಸೇರುವ ದಾರಿಗಳು ಕೆಲವೇ. ಕೂಲಿ ಕರಾರಿನ ಮೇಲೆ ಹೋದವರಿಗೆ ಮಾರಿಷಸ್ ಮೊದಲ ಸಾಧ್ಯತೆ. ಫ್ರೆಂಚರಿಂದ 1810ರಲ್ಲಿ ಬ್ರಿಟಿಷರ ವಶಕ್ಕೆ ಬಂದ ಆ ದ್ವೀಪದಲ್ಲಿ ಗುಲಾಮಗಿರಿ 1835ರಲ್ಲಿ ಕೊನೆಗೊಂಡ ಹೊತ್ತಿಗೆ ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಒಯ್ಯುವ ಏರ್ಪಾಡು ಆರಂಭವಾಗಿತ್ತು. 1834ರಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಕಲ್ಕತ್ತೆ, ಮದ್ರಾಸು, ಬೊಂಬಾಯಿ ಬಂದರುಗಳಿಂದ ಅಲ್ಲಿಗೆ ಹೋದರು. ಅವರಲ್ಲಿ ಸಾಕಷ್ಟು ಮಂದಿ ಮಕ್ಕಳೊಡನೆ ಮರಳಿಯೂ ಬಂದರು. ಫಿಜಿಗೆ ಮದ್ರಾಸಿನಿಂದ ಹಡಗು ಹೊರಟದ್ದು 1903ರಿಂದೀಚೆಗೆ. ಆದ್ದರಿಂದ ಬರದ ಕಾಲದ ಕತೆಗೆ ಫಿಜಿ ಹೊಂದುವುದಿಲ್ಲ.

ತಂದೆ ಸಿಪಾಯಿಯಾಗಿದ್ದರೆ ನೋಡಬೇಕಾದದ್ದು ಪಿನಾಂಗ್ ಮತ್ತು ಸಿಂಗಪುರ. ಈ ದ್ವೀಪಗಳ ಕಾವಲಿಗೆ 1860ರ ದಶಕದವರೆಗೆ ಮದ್ರಾಸ್ ಸೈನ್ಯದ ದೇಶೀ ಪದಾತಿ ದಳಗಳು ಸರದಿಯ ಮೇಲೆ ಹೋಗುತ್ತಿದ್ದವು. ಮದ್ರಾಸ್ ಸಿಪಾಯಿಗಳು ಹೆಂಡತಿ ಮಕ್ಕಳನ್ನು ಜೊತೆಗೆ ಕರೆದೊಯ್ಯುವುದಕ್ಕೆ ಹೆಸರಾದವರು. ಹೀಗಾಗಿ ದಳದ ಲೈನುಗಳಲ್ಲಿ ಹುಟ್ಟಿದ ಮಕ್ಕಳು ಬಹಳ. ನಮ್ಮ ಹರಿಹರದ ಹೊರವಲಯದಲ್ಲಿ 1865ರವರೆಗೆ ಇಂಥದೇ ದಳವೊಂದರ ದಂಡುಪ್ರದೇಶವಿತ್ತೆಂಬುದು ಇಲ್ಲಿ ಮುಖ್ಯ. ಸೇವೆ ಮುಗಿಸಿ ಆ ದಂಡಿನ ಸುತ್ತ ನೆಲೆನಿಂತ ಪಿಂಚಣಿದಾರರ ಮನೆಗಳಲ್ಲಿ ದ್ವೀಪದ ಕತೆ ಉಳಿದಿದ್ದರೆ, ನನ್ನ ಅಂದಾಜಿನಲ್ಲಿ ಕಬ್ಬಿನ ತೋಟಕ್ಕಿಂತ ಪಲ್ಟನ್ನಿನ ದಾರಿಯೇ ಹೆಚ್ಚು ಸಂಭವನೀಯ.

‘ಕಾಳಾಪಾನಿ’ ಎಂದರೆ ಅಂಡಮಾನ್. ಅಲ್ಲಿ ಕೈದಿಗಳ ವಸಾಹತು 1858ರಲ್ಲಿ ಆರಂಭವಾಯಿತು. ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ಆ ನಡುವಿನ ದಶಕಗಳಲ್ಲಿ ಕೆಲವು ವರ್ಷ ಶಿಕ್ಷೆ ಕಳೆದ ಕೈದಿಗಳಿಗೆ ಜಮೀನು ಉಳಲು, ಮದುವೆಯಾಗಲು ಅನುಮತಿ ಸಿಗುತ್ತಿತ್ತು. ಅವರ ಮಕ್ಕಳನ್ನು ‘ಲೋಕಲ್ ಬಾರ್ನ್’ ಎಂದು ಕರೆಯುತ್ತಿದ್ದರು. ಅಂಡಮಾನಿನ ಹೆಸರು ಕೇಳಿದ ಕೂಡಲೇ ಮುತ್ತಜ್ಜನ ತಂದೆಯನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಬರೆದುಬಿಡುವ ಆತುರ ಬೇಡ. ಅವರು ಕೈದಿಯೋ, ಕಾವಲಿನ ಸಿಪಾಯಿಯೋ, ಗುಮಾಸ್ತರೋ ಎಂಬುದನ್ನು ದಾಖಲೆ ಹೇಳಬೇಕು.

ಸಿಂಹಳದ ಕಾಫಿ, ಚಹಾ ತೋಟಗಳಿಗೆ ಕಂಗಾಣಿಗಳ ಮೂಲಕ ಹೋದವರು ಹೆಚ್ಚಾಗಿ ತಮಿಳು ಜಿಲ್ಲೆಗಳವರು. 1964ರ ಭಾರತ–ಸಿಲೋನ್ ಒಪ್ಪಂದದ ಮೇಲೆ ಮರಳಿದ ಕುಟುಂಬವಾದರೆ ಮನೆಯಲ್ಲಿಯೇ ಪಾಸ್‌ಪೋರ್ಟ್ ಇರುತ್ತದೆ, ಹುಡುಕಾಟ ಸುಲಭ.

ಇನ್ನೊಂದು ಎಚ್ಚರಿಕೆ: ಮನೆಯ ಮಾತಿನಲ್ಲಿ ‘ದ್ವೀಪ’ ಎಂದರೆ ಕಡಲಾಚೆಯ ಯಾವ ನೆಲವೂ ಆಗಿರಬಹುದು. ದಕ್ಷಿಣ ಆಫ್ರಿಕದ ನೇಟಾಲಿಗೆ 1860ರಿಂದ 1911ರವರೆಗೆ ಹೋದ ಒಂದೂವರೆ ಲಕ್ಷ ಜನರ ಹಡಗಿನ ಪಟ್ಟಿಗಳಲ್ಲಿ ಮೈಸೂರು ಎಂಬ ಸ್ಥಳನಾಮ ಕಾಣಸಿಗುತ್ತದೆ. ಮಾರಿಷಸ್ಸಿನಲ್ಲಿ ಸಿಗಲಿಲ್ಲವೆಂದು ಕೈಬಿಡುವ ಮೊದಲು ನೇಟಾಲಿನ ಪಟ್ಟಿಗಳನ್ನೂ, ಬರ್ಮಾದ ರಂಗೂನನ್ನೂ ಗಮನದಲ್ಲಿಡಿ.

ಇಲ್ಲಿನ ದಾಖಲೆಗಳು: ಯಾವುದು ಎಲ್ಲಿದೆ

ಕಚೇರಿಗೆ ಹೋಗುವ ಮೊದಲು ನಿಮ್ಮ ಹಳ್ಳಿ ಆ ಕಾಲದಲ್ಲಿ ಯಾವ ಜಿಲ್ಲೆಗೆ ಸೇರಿತ್ತೆಂದು ತಿಳಿದುಕೊಳ್ಳಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಲ್ಲಿದ್ದು, 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಾಗಿ ಪಕ್ಕಪಕ್ಕದ ಎರಡು ಹಳ್ಳಿಗಳ ಹಳೆಯ ಕಾಗದ ಒಂದು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ, ಇನ್ನೊಂದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಇರಬಹುದು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕಾದದ್ದು ಈಗಿನ ಗಣಕೀಕೃತ ಪಹಣಿಯನ್ನಲ್ಲ. ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರ್, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಹಳೆಯ ಸರ್ವೆ ಮತ್ತು ಇನಾಂ ಕಾಗದಗಳನ್ನು. ಈ ಸೀಮೆಯಲ್ಲಿ ಕಂದಾಯ ಮೋಜಣಿ ನಡೆದು ಸರ್ವೆ ನಂಬರುಗಳು ಬಂದದ್ದು 1860ರ ದಶಕದಿಂದೀಚೆಗೆ. ಅರ್ಜಿಯಲ್ಲಿ ವ್ಯಕ್ತಿಯ ಹೆಸರಿಗಿಂತ ಸರ್ವೆ ನಂಬರನ್ನು ಬರೆಯುವುದು ಜಾಣತನ. ಹೆಸರು ಹಿಡಿದು ಹುಡುಕಿಕೊಡಲು ಯಾವ ಗುಮಾಸ್ತರಿಗೂ ಬಿಡುವಿರುವುದಿಲ್ಲ. ಜಮೀನಿನ ಸರಪಳಿಯಲ್ಲಿ ನೀವು ಹುಡುಕುತ್ತಿರುವುದು ಒಂದು ಖಾಲಿ ಜಾಗವನ್ನು: ತಂದೆಯ ಹೆಸರಿನಲ್ಲಿದ್ದ ಹೊಲ ಇದ್ದಕ್ಕಿದ್ದಂತೆ ದಾಯಾದಿಯ ಹೆಸರಿಗೆ ಹೋಗಿ, ಹತ್ತಿಪ್ಪತ್ತು ವರ್ಷಗಳ ಮೇಲೆ ಮಗನ ಹೆಸರಿನಲ್ಲಿ ಕ್ರಯವಾಗಿಯೋ ಪಾಲಾಗಿಯೋ ಮರಳಿದ್ದರೆ, ಕುಟುಂಬ ಊರು ಬಿಟ್ಟಿದ್ದ ಅವಧಿ ಅದೇ ಆಗಿರುವ ಸಾಧ್ಯತೆ ಹೆಚ್ಚು. ಷರಾ ಕಾಲಮನ್ನು ತಪ್ಪದೆ ಓದಿ; ಊರು ಬಿಟ್ಟವರ ಸುದ್ದಿ ಇದ್ದರೆ ಅಲ್ಲಿರುತ್ತದೆ.

ಶಾನುಭೋಗಿಕೆ 1963ರಲ್ಲಿ ರದ್ದಾದಾಗ ಎಲ್ಲ ಲೆಕ್ಕಗಳೂ ಸರ್ಕಾರಕ್ಕೆ ಸೇರಲಿಲ್ಲ. ಹಳೆಯ ಶಾನುಭೋಗರ ಮನೆಯ ಅಟ್ಟದಲ್ಲಿ ಬಟ್ಟೆಯ ಕಡತಗಳು, ತೆರಿಗೆಯ ಪಟ್ಟಿಗಳು ಈಗಲೂ ಸಿಗುವುದುಂಟು. ಕಡತದ ಬರಹ ಬಳಪದ್ದು. ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹವೇ ಹೋಗುತ್ತದೆ, ಆದ್ದರಿಂದ ದೂಳನ್ನು ಕೂಡ ಊದಿಯಷ್ಟೇ ತೆಗೆದು, ಓರೆ ಬೆಳಕಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಅಕ್ಷರ ಕೂಡಿಸಿ ಓಟವಾಗಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿಯ ಹಾಳೆ ಸಿಕ್ಕಿದರೆ ಊಹೆಯಿಂದ ಓದದೆ ಬಲ್ಲವರಿಗೆ ತೋರಿಸಿ.

ಈ ಎಲ್ಲಕ್ಕಿಂತ ನಾನು ಹೆಚ್ಚು ನೆಚ್ಚುವುದು ಹೆಳವರ ಪುಸ್ತಕವನ್ನು. ನಮ್ಮ ಕಡೆಯ ಎಷ್ಟೋ ಒಕ್ಕಲು ಮನೆತನಗಳಿಗೆ ವಂಶಾವಳಿ ಹೇಳುವ ಹೆಳವರು ಗೊತ್ತಾಗಿದ್ದಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದವರು ಈಗ ವಾಹನಗಳಲ್ಲಿ ಬಂದು, ಮನೆತನದ ಮೂಲ, ಕವಲು, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಓದಿ, ಬರೆದುಕೊಂಡು, ದವಸವನ್ನೋ ಹಣವನ್ನೋ ಪಡೆದು ಹೋಗುತ್ತಾರೆ. ನಿಮ್ಮ ಮನೆಯ ಹೆಳವರು ಯಾರೆಂದು ತಿಳಿಯದಿದ್ದರೆ ದಾಯಾದಿಗಳ ಮೂಲ ಊರಿನಲ್ಲಿ ವಿಚಾರಿಸಿ. ಅವರು ಬಂದಾಗ ‘ನಮ್ಮ ಕವಲನ್ನು ಓದಿ’ ಎಂದಷ್ಟೇ ಹೇಳಿದರೆ ನೇರ ಸಾಲು ಮಾತ್ರ ಓದಿ ಮುಗಿಸುತ್ತಾರೆ. ಮುತ್ತಜ್ಜನ ತಂದೆಯ ಅಣ್ಣತಮ್ಮಂದಿರ ಕವಲುಗಳನ್ನೂ ಓದಿಸಬೇಕು. ಗುಳೆ ಹೋದವರು, ಸಂತಾನ ನಿಂತವರು, ಬೇರೆ ಊರು ಸೇರಿದವರು ಯಾರೆಂದು ಕೇಳಬೇಕು. ಓದುವಾಗ, ಅವರ ಒಪ್ಪಿಗೆ ಪಡೆದು, ಧ್ವನಿಮುದ್ರಣ ಮಾಡಿಕೊಳ್ಳಿ. ಈ ಪುಸ್ತಕಗಳ ಕೊರತೆ ಎಂದರೆ ಹೆಣ್ಣುಮಕ್ಕಳು. ಗಂಡು ಸಂತಾನದ ಸಾಲು ವಿವರವಾಗಿಯೂ ಹೆಣ್ಣಿನ ಸಾಲು ತೆಳುವಾಗಿಯೂ ಇರುತ್ತದೆ.

ದ್ವೀಪದಲ್ಲಿ ಹುಟ್ಟಿದವರು ಮುತ್ತಜ್ಜನಲ್ಲ, ಮುತ್ತಜ್ಜಿ ಎಂದಾದರೆ ಕೆಲಸ ದುಪ್ಪಟ್ಟು ಕಠಿಣ, ಏಕೆಂದರೆ ಜಮೀನಿನ ಕಾಗದಗಳಲ್ಲಿ ಆಕೆ ‘ಇಂಥವರ ಹೆಂಡತಿ’ ಆಗಿ ಮಾತ್ರ ಕಾಣುತ್ತಾಳೆ. ಇಲ್ಲಿ ನೆರವಿಗೆ ಬರುವುದು ಮದುವೆಯ ಮುಯ್ಯಿ ಪುಸ್ತಕ. ಆಕೆಯ ಮಕ್ಕಳ ಮದುವೆಗಳಲ್ಲಿ ಸೋದರಮಾವನ ಸ್ಥಾನದಲ್ಲಿ ಮುಯ್ಯಿ ಮಾಡಿದವರು ಯಾರು, ಅವರ ಊರು ಯಾವುದು ಎಂದು ನೋಡಿದರೆ ತವರು ಸಿಗುತ್ತದೆ. ತವರು ಸಿಕ್ಕಿದರೆ ಆ ಮನೆಯ ಜಮೀನು, ಆ ಮನೆಯ ಹೆಳವರು ಎಂದು ಮೇಲಿನ ಹೆಜ್ಜೆಗಳನ್ನೇ ಅಲ್ಲಿ ಮತ್ತೆ ನಡೆಸಬಹುದು. ಕ್ರೈಸ್ತ ಕುಟುಂಬವಾದರೆ ಚರ್ಚಿನ ಮದುವೆ ಮತ್ತು ಜ್ಞಾನಸ್ನಾನದ ಪುಸ್ತಕಗಳಲ್ಲಿ, ಮುಸ್ಲಿಂ ಕುಟುಂಬವಾದರೆ ಕಾಜಿಯವರ ನಿಕಾಹ್ ದಫ್ತರದಲ್ಲಿ ವಧುವಿನ ತಂದೆಯ ಹೆಸರು ನೇರವಾಗಿಯೇ ಸಿಗಬಹುದು. ಜನಗಣತಿಯ ಮನೆವಾರು ಹಾಳೆಗಳನ್ನು ಹುಡುಕಿ ಸಮಯ ಕಳೆಯಬೇಡಿ; ಒಟ್ಟು ಅಂಕಿಗಳನ್ನು ಮುದ್ರಿಸಿದರೇ ಹೊರತು ಆ ಹಾಳೆಗಳನ್ನು ಕಾಪಾಡಲಿಲ್ಲ.

ಮಾರಿಷಸ್ಸಿನ ಕಡತಗಳನ್ನು ಕೇಳುವ ಬಗೆ

ಮಾರಿಷಸ್ಸಿಗೆ ಇಳಿದ ಪ್ರತಿಯೊಬ್ಬ ಕೂಲಿಗೂ ಒಂದು ಸಂಖ್ಯೆ ಕೊಡುತ್ತಿದ್ದರು, ಮತ್ತು ಆ ಸಂಖ್ಯೆ ಅವರು ಅಲ್ಲಿದ್ದಷ್ಟು ಕಾಲವೂ ಅವರಿಗೆ ಅಂಟಿಕೊಂಡಿರುತ್ತಿತ್ತು. ಹಡಗಿನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಮೈಮೇಲಿನ ಗುರುತು, ಹುಟ್ಟೂರು ಇವೆಲ್ಲವೂ ಆ ಸಂಖ್ಯೆಯಡಿ ದಾಖಲಾದವು; 1860ರ ದಶಕದಿಂದ ಭಾವಚಿತ್ರವೂ ಸೇರಿತು. ಈ ದಫ್ತರಗಳು ಈಗ ಮಾರಿಷಸ್ಸಿನ ಮೋಕಾ ಎಂಬ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅಲ್ಲಿ ಹುಟ್ಟಿದ ಮಗುವಿಗೆ ಸ್ವಂತ ಸಂಖ್ಯೆ ಇರುವುದಿಲ್ಲ. ಅದರ ಜನನವನ್ನು ದ್ವೀಪದ ಒಂಬತ್ತು ಜಿಲ್ಲೆಗಳಲ್ಲಿ ಆಯಾ ಜಿಲ್ಲೆಯ ನಾಗರಿಕ ನೋಂದಣಿಯಲ್ಲಿ ಬರೆಸಿರುತ್ತಾರೆ, ಅದರಲ್ಲಿ ಹೆತ್ತವರ ಸಂಖ್ಯೆ ಇರುವುದುಂಟು. ಹೀಗಾಗಿ ತಂದೆಯ ಸಂಖ್ಯೆ ಸಿಕ್ಕಿದರೆ ತೋಟ, ತೋಟ ಸಿಕ್ಕಿದರೆ ಜಿಲ್ಲೆ, ಜಿಲ್ಲೆ ಸಿಕ್ಕಿದರೆ ಜನನ ಎಂಬ ಕ್ರಮದಲ್ಲಿ ಸಾಗಬೇಕು. ತಂದೆಯ ಹೆಸರಿನಿಂದ ಸಿಗದಿದ್ದರೆ ತಾಯಿಯದನ್ನು, ಜೊತೆಯಲ್ಲಿ ಹೋದ ಚಿಕ್ಕಪ್ಪನದನ್ನು ಪ್ರಯತ್ನಿಸಿ. ಒಂದೇ ಊರಿನವರು ಒಂದೇ ಹಡಗಿನಲ್ಲಿ ಹೋಗುವುದು ಸಾಮಾನ್ಯವಾಗಿತ್ತು.

ಹೆಸರಿನ ಬರಹ ಇಲ್ಲಿ ದೊಡ್ಡ ತೊಡಕು. ಅಲ್ಲಿನ ಬರಹಗಾರರಲ್ಲಿ ಫ್ರೆಂಚ್ ಪದ್ಧತಿ ಬಲವಾಗಿದ್ದುದರಿಂದ ನಮ್ಮ ಉಕಾರಕ್ಕೆ ‘ಓ’, ‘ಯು’ ಎಂಬ ಎರಡು ರೋಮನ್ ಅಕ್ಷರಗಳು, ಚಕಾರಕ್ಕೆ ‘ಟಿ’, ‘ಸಿ’, ‘ಎಚ್’ ಎಂಬ ಮೂರು ಅಕ್ಷರಗಳು ಬರಬಹುದು. ಒತ್ತಕ್ಷರ ಒಂಟಿಯಾಗುತ್ತದೆ, ಬಸಪ್ಪ ಬಸಪನಾಗುತ್ತಾನೆ. ಊರಿನ ಹೆಸರುಗಳದ್ದೂ ಇದೇ ಕತೆ. ಬ್ರಿಟಿಷರ ಕಾಗದಗಳಲ್ಲಿ ಚಿತ್ರದುರ್ಗವು ‘ಚಿತಲ್‌ಡ್ರೂಗ್’, ಹರಿಹರವು ‘ಹರ್ರಿಹರ್’; ಹಳ್ಳಿಯ ಬದಲು ಬರಿಯ ‘ಮೈಸೂರು’ ಅಥವಾ ‘ಬಳ್ಳಾರಿ’ ಎಂದಷ್ಟೇ ಬರೆದಿರುವುದೂ ಇದೆ. ದಕ್ಷಿಣದವರನ್ನು ಭಾಷೆ ನೋಡದೆ ‘ಮಲಬಾರ್’ ಎನ್ನುವ ವಾಡಿಕೆ ಅಲ್ಲಿತ್ತು. ಆ ಪದ ಕಂಡರೆ ಕೇರಳವೆಂದು ಭಾವಿಸಿ ಹಾಳೆ ತಿರುವಬೇಡಿ. ನೀವು ಬರೆಯುವ ಪತ್ರದಲ್ಲಿ ಹೆಸರಿನ ಸಾಧ್ಯವಿರುವ ಎಲ್ಲ ರೂಪಗಳನ್ನೂ, ಹತ್ತು ವರ್ಷ ಮೀರದ ಒಂದು ಅವಧಿಯನ್ನೂ, ನಿಮ್ಮಿಂದ ಆ ಪೂರ್ವಿಕರವರೆಗಿನ ವಂಶವೃಕ್ಷವನ್ನೂ, ಅದಕ್ಕೆ ಆಧಾರವಾದ ಪ್ರಮಾಣಪತ್ರಗಳ ಪ್ರತಿಗಳನ್ನೂ ಇಡಿ. ‘ನಮ್ಮ ಮುತ್ತಜ್ಜನ ಬಗ್ಗೆ ಏನಿದ್ದರೂ ತಿಳಿಸಿ’ ಎಂಬ ಪತ್ರಕ್ಕೆ ಯಾವ ಪತ್ರಾಗಾರವೂ ಉತ್ತರಿಸಲಾರದು.

ಮರಳಿದ ವರ್ಷವನ್ನು ಊಹಿಸುವಾಗ ದ್ವೀಪದ ಸ್ವಂತ ಇತಿಹಾಸವನ್ನೂ ನೋಡಿ. 1867ರ ಮಲೇರಿಯಾ ಅಲ್ಲಿ ಹತ್ತಾರು ಸಾವಿರ ಜನರನ್ನು ಕೊಂದಿತು. 1892ರ ಏಪ್ರಿಲಿನ ಚಂಡಮಾರುತ ರಾಜಧಾನಿ ಪೋರ್ಟ್ ಲೂಯಿಯನ್ನು ಧ್ವಂಸ ಮಾಡಿತು. ‘ತಾಯಿ ತೀರಿಕೊಂಡ ಮೇಲೆ ಅಪ್ಪ ಮಗುವನ್ನು ಎತ್ತಿಕೊಂಡು ಬಂದ’ ಎಂಬಂಥ ಮನೆಯ ಮಾತು ಇಂಥ ವರ್ಷಗಳ ಸುತ್ತ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಅಲ್ಲಿಂದ ಹೊರಟವರ ದಾಖಲೆಗಳಲ್ಲಿ ಆ ವರ್ಷಗಳನ್ನು ಮೊದಲು ನೋಡಿಸಿ.

ಪಲ್ಟನ್ನು ಮತ್ತು ಅಂಡಮಾನ್

ಸಿಪಾಯಿಯ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಪದಕವನ್ನು. ವಿಕ್ಟೋರಿಯಾ ಕಾಲದ ಪದಕಗಳ ಅಂಚಿನ ಮೇಲೆ ಹೆಸರು ಮತ್ತು ದಳವನ್ನು ಕೊರೆಯುವ ರೂಢಿಯಿತ್ತು. ಅದನ್ನು ಹುಣಸೆಹಣ್ಣು ಹಾಕಿ ಉಜ್ಜುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ. ಅಂಚು ಸವೆದರೆ ದಳದ ಸಂಖ್ಯೆ ಹೋಯಿತು. ದಳದ ಸಂಖ್ಯೆ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಯಾವ ದಳ ಯಾವ ವರ್ಷ ಎಲ್ಲಿತ್ತು ಎಂಬುದು ಅಂದಿನ ವಾರ್ಷಿಕ ಸೇನಾಪಟ್ಟಿಗಳಲ್ಲಿ ಮುದ್ರಿತವಾಗಿದೆ. ಮಗು ಹುಟ್ಟಿದ ವರ್ಷದಲ್ಲಿ ಆ ದಳ ಪಿನಾಂಗಿನಲ್ಲಿದ್ದರೆ ಮನೆಯ ಮಾತಿಗೆ ಮೊದಲ ಹೊರಗಿನ ಸಾಕ್ಷ್ಯ ಸಿಕ್ಕಿತು. ಆದರೆ ದೇಶೀ ಸಿಪಾಯಿಗಳ ಮಕ್ಕಳ ಜನನವನ್ನು ಯುರೋಪಿಯನ್ನರದರಂತೆ ಚರ್ಚಿನ ಪುಸ್ತಕಗಳಲ್ಲಿ ಬರೆಯುತ್ತಿರಲಿಲ್ಲ. ಆದ್ದರಿಂದ ಮಗುವಿನ ಹೆಸರೇ ಇರುವ ಕಾಗದವನ್ನು ನಿರೀಕ್ಷಿಸದೆ, ಪಿಂಚಣಿ ಪತ್ರ ಮತ್ತು ಎಗ್ಮೋರಿನ ಮಿಲಿಟರಿ ಇಲಾಖೆಯ ಕಡತಗಳತ್ತ ಹೋಗಬೇಕು.

ಅಂಡಮಾನಿನ ವಿಷಯದಲ್ಲಿ, 1942ರಿಂದ 1945ರವರೆಗಿನ ಜಪಾನೀಯರ ಆಳ್ವಿಕೆಯಲ್ಲಿ ಪೋರ್ಟ್ ಬ್ಲೇರಿನ ದಾಖಲೆಗಳಿಗೆ ಬಹಳ ಹಾನಿಯಾಯಿತು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿರುವ ಗೃಹ ಇಲಾಖೆಯ ಪೋರ್ಟ್ ಬ್ಲೇರ್ ಕಡತಗಳು ಉಳಿದ ದಾರಿ. ಶಿಕ್ಷೆಯಾದದ್ದು ಇಲ್ಲಿಯೇ ಆಗಿದ್ದರೆ ಆ ಕಾಲದ ನ್ಯಾಯಾಲಯ ಮತ್ತು ಜೈಲಿನ ಪತ್ರವ್ಯವಹಾರವನ್ನು ಪತ್ರಾಗಾರದಲ್ಲಿ ಕೇಳಬಹುದು.

ಕಾಗದಗಳು ಒಂದಕ್ಕೊಂದು ಹೊಂದದಾಗ

ವಯಸ್ಸಿನಲ್ಲಿ ಐದಾರು ವರ್ಷದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಯಸ್ಸನ್ನು ನೋಡಿಯೇ ಅಂದಾಜಿನಿಂದ ಬರೆಯುತ್ತಿದ್ದ ಕಾಲವದು. ತಂದೆಯ ಹೆಸರು, ಊರು, ಜೊತೆಗಾರರ ಹೆಸರು ಈ ಮೂರರಲ್ಲಿ ಎರಡಾದರೂ ಹೊಂದದೆ ಯಾರನ್ನೂ ನಿಮ್ಮವರೆಂದು ಒಪ್ಪಿಕೊಳ್ಳಬಾರದು. ಹನುಮಂತಪ್ಪನ ಮಗ ತಿಪ್ಪಯ್ಯ ಎಂಬ ಹೆಸರು ಚಿತ್ರದುರ್ಗ ಸೀಮೆಯ ಹಳ್ಳಿ ಹಳ್ಳಿಯಲ್ಲಿಯೂ ಸಿಗುತ್ತದೆ, ಹೆಸರೊಂದೇ ಯಾವ ಸಾಕ್ಷ್ಯವೂ ಅಲ್ಲ. ಜಾತಿಯ ಕಾಲಮ್ಮಿನಲ್ಲಿ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಹೆಸರು ನೋಂದಾಯಿಸುವಾಗ ಜಾತಿಯನ್ನು ಬದಲಿಸಿ ಹೇಳಿದವರೂ ಇದ್ದರು, ಬರೆದುಕೊಳ್ಳುವವರು ತಪ್ಪು ಕೇಳಿಸಿಕೊಂಡದ್ದೂ ಇದೆ.

ವಂಶವೃಕ್ಷವನ್ನು ಬರೆಯುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಅದು ಯಾವ ಕಾಗದದಿಂದ, ಯಾವ ಪುಟದಿಂದ ಬಂತು ಎಂದು ನಮೂದಿಸಿ. ಮನೆಯ ಮಾತಿನಿಂದ ಮಾತ್ರ ಬಂದ ಹೆಸರಿಗೆ ಬೇರೆ ಶಾಯಿ ಬಳಸಿ. ತಹಶೀಲ್ದಾರರ ಕಚೇರಿಯಿಂದ ಪಡೆದ ವಂಶವೃಕ್ಷ ದೃಢೀಕರಣ ಪತ್ರವನ್ನು ಕೂಡ ಈ ಎರಡನೆಯ ಶಾಯಿಯಲ್ಲಿಯೇ ಬರೆಯಬೇಕು, ಏಕೆಂದರೆ ಅದು ಅರ್ಜಿದಾರರ ಹೇಳಿಕೆ ಮತ್ತು ಸ್ಥಳ ವಿಚಾರಣೆಯ ಮೇಲೆ ನಿಂತದ್ದು. ಮೋಕಾದಿಂದಲೋ ಎಗ್ಮೋರಿನಿಂದಲೋ ಪ್ರತಿ ಬಂದ ದಿನ ಆ ಸಾಲನ್ನು ಮೊದಲನೆಯ ಶಾಯಿಯಲ್ಲಿ ತಿದ್ದಿ, ಹಳೆಯ ಹಾಳೆಯನ್ನು ಹರಿಯದೆ ಅದೇ ಫೈಲಿನಲ್ಲಿಡಿ.